ತುಂಬುವ ದಾರಿ, ತೆರವಾಗುವ ದಾರಿ

ಮುಂಡರಗಿ ತಾಲ್ಲೂಕಿನ ತೆಂಕಣ ಅಂಚಿನಲ್ಲಿ, ತುಂಗಭದ್ರೆಯ ದಡದಲ್ಲಿ, ವೀರಭದ್ರೇಶ್ವರನ ಸನ್ನಿಧಾನದಿಂದಾಗಿ ಸುತ್ತಣ ನಾಡಿಗೆಲ್ಲ ಹಿಂದಿನಿಂದಲೂ ಪರಿಚಿತವಾಗಿದ್ದ ಸಿಂಗಟಾಲೂರು, ಈಚಿನ ವರ್ಷಗಳಲ್ಲಿ ಒಂದು ದೊಡ್ಡ ಏತ ನೀರಾವರಿ ಯೋಜನೆಗೆ ತನ್ನ ಹೆಸರನ್ನು ಕೊಟ್ಟಿರುವುದರಿಂದ, ಆ ಊರನ್ನು ಎಂದೂ ಕಾಣದವರ ಬಾಯಲ್ಲಿಯೂ ನೀರಿನ ಮಾತು ಬಂದಾಗಲೆಲ್ಲ ಸುಳಿಯುತ್ತಿರುವುದು. ಹಮ್ಮಿಗಿಯ ಬಳಿ ನದಿಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜಿನಲ್ಲಿ ನಿಂತ ನೀರನ್ನು ಯಂತ್ರಗಳಿಂದ ಮೇಲೆತ್ತಿ ಗದಗ, ಕೊಪ್ಪಳ ಮತ್ತು ಹಿಂದಿನ ಬಳ್ಳಾರಿ ಜಿಲ್ಲೆಗಳ ಹೊಲಗಳತ್ತ ಹರಿಸಬೇಕೆಂಬುದು ಆ ಯೋಜನೆಯ ಸಂಕಲ್ಪ. ಆದರೆ ಈ ಸೀಮೆಯಲ್ಲಿ ನೀರೆಲ್ಲ ಒಂದೇ ನೀರಲ್ಲ. ಹೊಳೆಯ ನೀರು ಬೇರೆ, ಬೋರಿನ ನೀರು ಬೇರೆ. ಹೊಳೆಯ ನೀರು ಸಹ್ಯಾದ್ರಿಯ ಮಳೆಯನ್ನು ಹೊತ್ತು ತರುವುದು. ಬೋರಿನ ನೀರು ನೆಲದಾಳದ ಕಲ್ಲಿನ ಬಿರುಕುಗಳಲ್ಲಿ ದೀರ್ಘಕಾಲ ತಂಗಿ, ಆ ಕಲ್ಲನ್ನೇ ಕಿಂಚಿತ್ತು ಕಿಂಚಿತ್ತಾಗಿ ಕರಗಿಸಿಕೊಂಡು ಮೇಲೆ ಬರುವುದು.

ಹಾಗೆ ಕರಗಿ ಬರುವ ಅಂಶಗಳಲ್ಲಿ ಫ್ಲೋರೈಡ್ ಒಂದು. ಗ್ರಾನೈಟು ಮತ್ತು ನೈಸ್ ಶಿಲೆಗಳೊಳಗಣ ಅಭ್ರಕ, ಅಪಟೈಟ್, ಫ್ಲೋರೈಟ್ ಮುಂತಾದ ಖನಿಜಗಳಲ್ಲಿ ಅದು ನೆಲೆಸಿರುವುದು. ಮಳೆ ವಿರಳವಾಗಿ ಬಿಸಿಲು ಪ್ರಬಲವಾಗಿರುವ ನಾಡುಗಳಲ್ಲಿ ಅಂತರ್ಜಲವು ಶಿಲೆಯ ಸಂಪರ್ಕದಲ್ಲಿ ಬಹುಕಾಲವಿದ್ದು, ಅದರಲ್ಲಿ ಸೋಡಿಯಂ ಬೈಕಾರ್ಬೊನೇಟು ಅಧಿಕವಾಗಿ ಕ್ಯಾಲ್ಸಿಯಂ ಕಡಮೆಯಾದಾಗ, ಕ್ಯಾಲ್ಸಿಯಂ ಫ್ಲೋರೈಡನ್ನು ಹಿಡಿದು ತಳಕ್ಕಿಳಿಸುವ ಕೆಲಸ ನಿಂತುಹೋಗಿ, ನೀರಿನಲ್ಲಿ ಅದರ ಪ್ರಮಾಣ ಏರುವುದು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡು 1 ಮಿಲಿಗ್ರಾಮನ್ನು ಮೀರಬಾರದೆಂದೂ, ಬೇರೆ ಜಲಮೂಲವೇ ಇಲ್ಲದೆಡೆ 1.5 ಮಿಲಿಗ್ರಾಮಿನವರೆಗೆ ಸಹಿಸಬಹುದೆಂದೂ ನಮ್ಮ ದೇಶದ ಮಾನಕ. ಗದಗ ಜಿಲ್ಲೆಯಲ್ಲಿ, ಅದರಲ್ಲಿಯೂ ಮುಂಡರಗಿ ತಾಲ್ಲೂಕಿನಲ್ಲಿ, ಈ ಮಿತಿಯನ್ನು ದಾಟಿದ ಕೊಳವೆ ಬಾವಿಗಳು ಅನೇಕ. ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಕಲೆಗಳಾಗಿ ಮೊದಲು ಕಾಣಿಸಿಕೊಳ್ಳುವ, ಫ್ಲೋರೈಡಿನಿಂದಾಗುವ ವ್ಯಾಧಿಯು, ವರ್ಷಾನುಗಟ್ಟಲೆ ಅದೇ ನೀರನ್ನು ಕುಡಿದವರ ಕೀಲುಗಳನ್ನೂ ಬೆನ್ನುಮೂಳೆಯನ್ನೂ ಬಿಗಿಸುವುದು. ಮೂಳೆಗೆ ತಟ್ಟುವ ಈ ರೂಪವನ್ನು ವೈದ್ಯರು ನಮ್ಮ ದೇಶದಲ್ಲಿ ಗುರುತಿಸಿ ಬರೆದುದು 1937ರಲ್ಲಿ, ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಹೊಳೆಯ ನೀರನ್ನು ಹಳ್ಳಿಹಳ್ಳಿಗೆ ಮುಟ್ಟಿಸುವ ಬಹುಗ್ರಾಮ ಯೋಜನೆಗಳೂ, ಊರಿನ ಚೌಕಗಳಲ್ಲಿ ಶುದ್ಧ ನೀರಿನ ಘಟಕಗಳೂ ಬಂದ ಮೇಲೆ ಸಂಕಟವು ಕಡಮೆಯಾಗಿರುವುದು ನಿಜ. ಆದರೂ ಕೊಳವೆ ಒಡೆದಾಗ, ಘಟಕ ಕೆಟ್ಟು ನಿಂತಾಗ, ಕೊಡ ಹಿಡಿದವರು ಮರಳಿ ಹೋಗುವುದು ಬೋರಿಗೇ.

ಈ ಫ್ಲೋರೈಡು ಕುದಿಸಿದರೆ ಹೋಗದು. ಕುದಿಸಿದಷ್ಟೂ ನೀರು ಆವಿಯಾಗಿ, ಉಳಿದುದರಲ್ಲಿ ಅದರ ಸಾಂದ್ರತೆಯೇ ಹೆಚ್ಚುವುದು. ಬಟ್ಟೆಯಲ್ಲಿ ಸೋಸಿದರೂ ಹೋಗದು. ಅದನ್ನು ನೀರಿನಿಂದ ಬೇರ್ಪಡಿಸಬೇಕಾದರೆ ಅದು ಬಂದು ಹಿಡಿದುಕೊಳ್ಳತಕ್ಕ ಒಂದು ಮೇಲ್ಮೈಯನ್ನು ಒದಗಿಸಬೇಕು. ಆ ಮೇಲ್ಮೈಯು ವಿಶಾಲವಾಗಿರಬೇಕು. ವಿಶಾಲವಾದ ಮೇಲ್ಮೈಯನ್ನು ಕಿರಿದಾದ ಪಾತ್ರೆಯಲ್ಲಿ ಅಡಕಿಸಬೇಕಾದರೆ ಘನವಸ್ತುವಿನ ಒಡಲನ್ನೇ ಅಸಂಖ್ಯ ಸೂಕ್ಷ್ಮ ರಂಧ್ರಗಳಿಂದ ಕೊರೆದಂತೆ ರಚಿಸಬೇಕು. ಸರಂಧ್ರ ವಸ್ತುಗಳ ಶಾಸ್ತ್ರವು ಹುಟ್ಟುವುದು ಇಲ್ಲಿಯೇ. ಎರಡು ನ್ಯಾನೊಮೀಟರಿಗಿಂತ ಕಿರಿದಾದ ರಂಧ್ರಗಳನ್ನು ಸೂಕ್ಷ್ಮರಂಧ್ರಗಳೆಂದೂ, 2ರಿಂದ 50ರವರೆಗಿನವನ್ನು ಮಧ್ಯಮರಂಧ್ರಗಳೆಂದೂ, ಅದಕ್ಕೂ ಮೇಲ್ಪಟ್ಟವನ್ನು ಸ್ಥೂಲರಂಧ್ರಗಳೆಂದೂ ಶಾಸ್ತ್ರಜ್ಞರು ವಿಭಾಗಿಸಿರುವರು. ಒಂದು ನ್ಯಾನೊಮೀಟರೆಂದರೆ ಮೀಟರಿನ ನೂರು ಕೋಟಿಯ ಒಂದಂಶ. ಇಂತಹ ಒಳಮೈ ವಿಸ್ತಾರವು ಪ್ರಯೋಗಶಾಲೆಯ ಸೃಷ್ಟಿ ಮಾತ್ರವೆಂದು ಭಾವಿಸಬೇಕಾಗಿಲ್ಲ. ಗದಗ ಸೀಮೆಯ ಎರೆ ಹೊಲದಲ್ಲಿರುವ ಜೇಡಿಯ ಮುಖ್ಯಾಂಶವಾದ ಮಾಂಟ್‌ಮೊರಿಲೊನೈಟ್ ಎಂಬ ಖನಿಜವು ಪದರ ಪದರವಾಗಿದ್ದು, ಪದರಗಳ ನಡುವಣ ಸಂದುಗಳನ್ನೂ ಲೆಕ್ಕಕ್ಕೆ ಹಿಡಿದರೆ, ಅದರ ಒಂದು ಗ್ರಾಮಿನೊಳಗೆ ಸುಮಾರು 700ರಿಂದ 800 ಚದರ ಮೀಟರು ಮೇಲ್ಮೈಯಿರುವುದು. ಮಳೆಗಾಲದಲ್ಲಿ ಎರೆ ನೆಲ ಉಬ್ಬುವುದಕ್ಕೂ, ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಅಗಲವಾಗಿ ಬಿರಿಯುವುದಕ್ಕೂ, ಪಕ್ಕದ ಮಸಾರಿ ಹೊಲ ಒಣಗಿದ ಬಳಿಕವೂ ಎರೆಯಲ್ಲಿ ಕಡಲೆ, ಬಿಳಿಜೋಳಗಳು ಹಿಂಗಾರಿನ ತೇವದಿಂದಲೇ ಬೆಳೆದು ನಿಲ್ಲುವುದಕ್ಕೂ ಆ ಸಂದುಗಳಲ್ಲಿ ಸೇರುವ, ಸೇರಿ ಹೊರಡುವ ನೀರೇ ಕಾರಣ.

ಫ್ಲೋರೈಡಿನ ವಿಷಯದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸರಂಧ್ರ ವಸ್ತುವೆಂದರೆ ಸಕ್ರಿಯ ಅಲ್ಯೂಮಿನಾ. ಅಲ್ಯೂಮಿನಿಯಂ ಹೈಡ್ರಾಕ್ಸೈಡನ್ನು ಹದವರಿತು ಕಾಯಿಸಿದಾಗ ಅದರೊಳಗಣ ನೀರಿನ ಅಂಶವು ಹೊರಟುಹೋಗಿ, ನೀರಿದ್ದ ಎಡೆಗಳೆಲ್ಲ ರಂಧ್ರಗಳಾಗಿ ಉಳಿಯುವುವು. ಹೀಗೆ ದೊರೆತ ಬಿಳಿಯ ಗುಂಡುಗಳ ಒಂದು ಗ್ರಾಮಿನಲ್ಲಿ 200ರಿಂದ 300 ಚದರ ಮೀಟರು, ಎಂದರೆ ನಮ್ಮ ಲೆಕ್ಕದಲ್ಲಿ ಎರಡು ಮೂರು ಗುಂಟೆ, ಮೇಲ್ಮೈ ಇರುವುದು. ಆ ಮೇಲ್ಮೈಯ ಮೇಲಣ ಹೈಡ್ರಾಕ್ಸಿಲ್ ಗುಂಪುಗಳನ್ನು ಸರಿಸಿ ಫ್ಲೋರೈಡು ಆ ಜಾಗದಲ್ಲಿ ಕುಳಿತುಕೊಳ್ಳುವುದು. ಕೆಳಗೆ ಸುರಿಯುವ ನೀರು ನಿರ್ದೋಷವಾಗುವುದು. ಇಷ್ಟು ಹೇಳಿ ಮುಗಿಸಿದರೆ ಕಥೆ ಬಹಳ ಸುಂದರ. ಆದರೆ ಕೆಲವು ಕಾಲದ ಮೇಲೆ ಆ ಎಡೆಗಳೆಲ್ಲ ತುಂಬಿಹೋಗುವುವು. ನೀರು ಎಂದಿನಂತೆಯೇ ತಿಳಿಯಾಗಿ ಸುರಿಯುತ್ತಿರುವುದು, ಅದರೊಳಗಣ ಫ್ಲೋರೈಡು ಮಾತ್ರ ಹಾಗೆಯೇ ಬರುತ್ತಿರುವುದು. ಕಣ್ಣಿಗೂ ನಾಲಗೆಗೂ ಅದು ತಿಳಿಯದು. ಆಗ ಆ ಗುಂಡುಗಳನ್ನು ಕಾಸ್ಟಿಕ್ ಸೋಡದ ದ್ರಾವಣದಲ್ಲಿ ತೊಳೆದು, ತರುವಾಯ ದುರ್ಬಲ ಆಮ್ಲದಿಂದ ಸಂಸ್ಕರಿಸಿ, ಮತ್ತೆ ನೀರಿನಿಂದ ತೊಳೆದು ಮೊದಲಿನ ಸ್ಥಿತಿಗೆ ತರಬೇಕು. ತೊಳೆದ ಆ ಕ್ಷಾರಜಲವನ್ನು ಚರಂಡಿಗೆ ಬಿಟ್ಟರೆ ಕಳೆದ ಫ್ಲೋರೈಡು ಮರಳಿ ನೆಲಕ್ಕೇ ಸೇರುವುದು. ಹಳ್ಳಿಯ ಮನೆಯೊಂದರಲ್ಲಿ ಈ ಕೆಲಸವನ್ನು ಯಾರು ಮಾಡಬೇಕು? ಅಲ್ಯೂಮಿನಾ ಫಿಲ್ಟರುಗಳು ಬಹಳ ಕಡೆಗಳಲ್ಲಿ ಮೂಲೆ ಸೇರಿದುದಕ್ಕೆ ಕಾರಣ ಅವುಗಳಿಗೆ ಫ್ಲೋರೈಡನ್ನು ಹಿಡಿಯುವ ಶಕ್ತಿ ಇರಲಿಲ್ಲವೆಂಬುದಲ್ಲ; ಹಿಡಿದುದನ್ನು ಬಿಡಿಸುವ ವ್ಯವಸ್ಥೆ ಇರಲಿಲ್ಲವೆಂಬುದು.

ಆದುದರಿಂದ ಸರಂಧ್ರ ವಸ್ತುವಿನ ಯೋಗ್ಯತೆಯನ್ನು, ಅದು ಎಷ್ಟನ್ನು ತುಂಬಿಕೊಳ್ಳುವುದೆಂಬುದಕ್ಕಿಂತ, ತುಂಬಿಕೊಂಡುದನ್ನು ಎಷ್ಟು ಅಲ್ಪ ಶ್ರಮದಿಂದ, ಎಷ್ಟು ಬಾರಿ ಬಿಟ್ಟುಕೊಟ್ಟು ಮತ್ತೆ ಸಿದ್ಧವಾಗುವುದೆಂಬುದರಿಂದಲೇ ಅಳೆಯತಕ್ಕದ್ದೆಂದು ನಾನು ದೃಢವಾಗಿ ನಂಬಿರುವೆನು. ಈ ಕ್ಷೇತ್ರದಲ್ಲಿ ಆಯುಷ್ಯವನ್ನು ಕಳೆದ ವಿದ್ವಾಂಸರ ಜೀವನವನ್ನು ನೋಡುವಾಗಲೂ ನನ್ನ ಮನಸ್ಸು ಹುಡುಕುವುದು ಇದನ್ನೇ. ಸಂತೋಷದ ಸಂಗತಿಯೆಂದರೆ, ತೆರವಾಗುವ ದಾರಿಯ ಮೇಲೆ ಅತ್ಯಂತ ನಿಷ್ಠೆಯಿಂದ ಕಣ್ಣಿಟ್ಟ ಆದಿಕಾಲದ ಸಂಶೋಧನೆಗಳಲ್ಲೊಂದು ನಮ್ಮ ನಾಡಿನ ಕಾಲೇಜೊಂದರಲ್ಲಿಯೇ ನಡೆಯಿತು.

1941ರಲ್ಲಿ, ಜಗತ್ತು ಯುದ್ಧದಲ್ಲಿ ಮುಳುಗಿದ್ದಾಗ, ಅಮೆರಿಕದ ‘ಜರ್ನಲ್ ಆಫ್ ಫಿಸಿಕಲ್ ಕೆಮಿಸ್ಟ್ರಿ’ ಎಂಬ ಪತ್ರಿಕೆಯ 45ನೆಯ ಸಂಪುಟದಲ್ಲಿ, ಅಧಿಶೋಷಣೆಯ, ಎಂದರೆ ಮೇಲ್ಮೈಯು ಅಣುಗಳನ್ನು ಹಿಡಿದುಕೊಳ್ಳುವುದರ, ಹಿಸ್ಟೆರಿಸಿಸ್ ಎಂಬ ವಿಷಯವನ್ನು ಕುರಿತ ಒಂದು ಲೇಖನಮಾಲೆ ಪ್ರಕಟವಾಯಿತು. ಬರೆದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕೆ. ಸುಬ್ಬರಾವ್. ಆ ಕಾಲೇಜು ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದಿತು. ಘನವಸ್ತುವಿನ ಒಳಮೈಯನ್ನು ನೈಟ್ರೊಜನ್ ಅನಿಲದ ಅಣುಗಳಿಂದ ಅಳೆಯುವ ಉಪಾಯವನ್ನು ಬ್ರೂನಾರ್, ಎಮೆಟ್, ಟೆಲ್ಲರ್ ಎಂಬ ಮೂವರು ಲೋಕಕ್ಕೆ ತಿಳಿಸಿದುದು 1938ರಲ್ಲಿ. ಅದಾಗಿ ಮೂರೇ ವರ್ಷಗಳೊಳಗೆ ಬೆಂಗಳೂರಿನಿಂದ ಈ ಲೇಖನಗಳು ಹೊರಟುವೆಂಬುದನ್ನು ನೆನೆದರೆ, ಸುಬ್ಬರಾಯರು ತಮ್ಮ ಕಾಲದ ಶಾಸ್ತ್ರದ ಮುಂಚೂಣಿಯಲ್ಲಿಯೇ ನಡೆಯುತ್ತಿದ್ದರೆಂಬುದು ವಿಶದವಾಗುವುದು. ಆ ಕಾಲದಲ್ಲಿ ಇಂತಹ ಅಳತೆಗೆ ಇದ್ದ ಉತ್ತಮ ಸಾಧನವೆಂದರೆ ಕೂದಲಿನಷ್ಟು ತೆಳುವಾದ ಕ್ವಾರ್ಟ್ಜ್ ಎಳೆಯನ್ನು ಸುರುಳಿ ಸುತ್ತಿ ಮಾಡಿದ ತಕ್ಕಡಿ. ನಿರ್ವಾತವಾದ ಗಾಜಿನ ನಳಿಕೆಯೊಳಗೆ ಆ ಸುರುಳಿ ತೂಗಾಡುತ್ತಿರುವುದು. ಅದರ ತುದಿಯ ಪುಟ್ಟ ತಟ್ಟೆಯಲ್ಲಿ ಸಿಲಿಕಾ ಜೆಲ್ ಇರುವುದು. ನೀರಿನ ಆವಿಯನ್ನು ಒಳಬಿಟ್ಟಂತೆ ಜೆಲ್ ಭಾರವಾಗಿ ಸುರುಳಿಯು ಹಿಗ್ಗುವುದು. ಆ ಹಿಗ್ಗನ್ನು ದೂರದರ್ಶಕದ ಮೂಲಕ ನೋಡಿ ಬರೆದುಕೊಳ್ಳಬೇಕು. ಒಂದೊಂದು ಬಿಂದುವಿಗೂ ತೂಕವು ಸ್ಥಿರವಾಗುವವರೆಗೆ ಕಾಯಬೇಕು.

ಆವಿಯ ಒತ್ತಡವನ್ನು ಮೆಲ್ಲಮೆಲ್ಲನೆ ಏರಿಸಿ ಜೆಲ್ಲನ್ನು ತುಂಬಿದಾಗ ತೂಕವು ಒಂದು ರೇಖೆಯಲ್ಲಿ ಏರುವುದು. ಒತ್ತಡವನ್ನು ಅದೇ ಕ್ರಮದಲ್ಲಿ ಇಳಿಸಿದಾಗ ಅದೇ ರೇಖೆಯಲ್ಲಿ ಇಳಿಯಬೇಕಷ್ಟೆ? ಹಾಗಾಗುವುದಿಲ್ಲ. ಇಳಿಯುವ ರೇಖೆಯು ಮೇಲುಗಡೆಯೇ ಉಳಿದು, ಒಂದೇ ಒತ್ತಡದಲ್ಲಿ ತೆರವಾಗುತ್ತಿರುವ ಜೆಲ್ಲು ತುಂಬುತ್ತಿರುವ ಜೆಲ್ಲಿಗಿಂತ ಹೆಚ್ಚು ನೀರನ್ನು ಹಿಡಿದಿಟ್ಟುಕೊಂಡಿರುವುದು. ಎರಡೂ ರೇಖೆಗಳು ಕೂಡಿ ಒಂದು ಕುಣಿಕೆಯಾಗುವುವು; ಹಿಸ್ಟೆರಿಸಿಸ್ ಎಂಬುದು ಇದೇ. ಈ ಕುಣಿಕೆಯು ಪ್ರಯೋಗದ ದೋಷವಿರಬಹುದೆಂದು ಶಂಕಿಸಿದವರು ಆಗ ಇದ್ದರು. ಸುಬ್ಬರಾಯರು ಸಿಲಿಕಾ ಜೆಲ್ಲನ್ನು ಮತ್ತೆ ಮತ್ತೆ ತುಂಬಿ, ಮತ್ತೆ ಮತ್ತೆ ತೆರವುಮಾಡಿ, ಕುಣಿಕೆಯು ಸ್ಥಿರವಾದುದೆಂದು ತೋರಿಸಿದರು. ಅಷ್ಟಕ್ಕೆ ನಿಲ್ಲದೆ, ಅರ್ಧ ತುಂಬಿದಾಗ ಹಿಂದಿರುಗಿ, ಅರ್ಧ ತೆರವಾದಾಗ ಮತ್ತೆ ತುಂಬಲಾರಂಭಿಸಿ, ಕುಣಿಕೆಯ ಒಳಗನ್ನೆಲ್ಲ ದಾರಿ ದಾರಿಯಾಗಿ ಶೋಧಿಸಿದರು. ಟೈಟೇನಿಯಾ ಜೆಲ್, ಕಬ್ಬಿಣದ ಆಕ್ಸೈಡಿನ ಜೆಲ್‌ಗಳಲ್ಲಿಯೂ ಇದನ್ನೇ ಮಾಡಿದರು. ಅದಕ್ಕೆ ಕೊಟ್ಟ ವಿವರಣೆಯ ತಿರುಳಿದು: ಜೆಲ್ಲಿನೊಳಗಿನ ಕುಳಿಗಳು ಹೊಟ್ಟೆ ದೊಡ್ಡದಾಗಿ ಕೊರಳು ಕಿರಿದಾದ ಗಿಂಡಿಗಳ ಹಾಗಿರುವುವು, ತುಂಬುವಾಗ ಹೊಟ್ಟೆಯ ಅಗಲವು ಒತ್ತಡವನ್ನು ನಿರ್ಧರಿಸಿದರೆ, ತೆರವಾಗುವಾಗ ಕೊರಳಿನಲ್ಲಿ ನಿಂತ ನೀರಿನ ಬಾಗಿದ ಮೈಯೇ ಬಾಗಿಲಾಗಿ, ಅದು ಆವಿಯಾಗುವಷ್ಟು ಒತ್ತಡ ಇಳಿಯುವವರೆಗೆ ಒಳಗಿನ ನೀರು ಹೊರಬರಲಾರದು. ಕುಳಿಯ ಇಂತಹ ಚಿತ್ರವನ್ನು ಅದಕ್ಕೂ ಹಿಂದೆಯೇ ಪಾಶ್ಚಾತ್ಯ ಶಾಸ್ತ್ರಜ್ಞರು ಸೂಚಿಸಿದ್ದರು. ಅದನ್ನು ಇಷ್ಟು ತಾಳ್ಮೆಯಿಂದ ಒರೆಗೆ ಹಚ್ಚಿದುದು ಬೆಂಗಳೂರಿನ ಕೆಲಸ.

ಆ ಮಾಲೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಧಾನ್ಯಗಳನ್ನು ಕುರಿತದ್ದು. ಅದೇ ತಕ್ಕಡಿಯಲ್ಲಿ ಜೆಲ್ಲಿಗೆ ಬದಲಾಗಿ ಧಾನ್ಯವನ್ನು ಇಟ್ಟು ನೀರಿನ ಆವಿಯನ್ನು ಕೊಟ್ಟಾಗ ಮೊದಲು ಕುಣಿಕೆ ಕಾಣಿಸಿತು. ತುಂಬಿ ತೆರವು ಮಾಡುವುದನ್ನು ಪುನಃ ಪುನಃ ನಡೆಸಿದಂತೆ ಅದು ಕಿರಿದಾಗುತ್ತ ಬಂದು ಕೊನೆಗೆ ಇಲ್ಲವಾಯಿತು. ಸಿಲಿಕಾದ ಗೋಡೆ ಗಡಸು, ಆದ್ದರಿಂದ ಕುಳಿ ಉಳಿಯುವುದು. ಧಾನ್ಯದ ಒಡಲು ಹಿಗ್ಗಿ ಕುಗ್ಗುವಂಥದು, ಆದ್ದರಿಂದ ಕುಳಿಯು ಕ್ರಮೇಣ ಕುಸಿದುಹೋಗುವುದು ಎಂದು ಅವರು ನಿರ್ಣಯಿಸಿದರು. ಜೋಳವನ್ನು ಹಗೇವಿನಲ್ಲಿ ತುಂಬುವ ಮುನ್ನ ಬಿಸಿಲಿಗೆ ಹರವಿ, ಹಲ್ಲಿನಲ್ಲಿ ಕಡಿದು ಒಣಗಿತೇ ಎಂದು ಪರೀಕ್ಷಿಸುತ್ತಿದ್ದ ನಮ್ಮ ಬಡಗಣ ಸೀಮೆಯ ಒಕ್ಕಲಿಗನಿಗೆ, ಕಾಳು ತೇವವನ್ನು ಹೀರುವ ಬಗೆ, ಬಿಡುವ ಬಗೆ ಎರಡೂ ಜೀವನ್ಮರಣದ ವಿಷಯಗಳಾಗಿದ್ದುವು. ಪದವಿ ತರಗತಿಗಳಿಗೆ ಪಾಠ ಹೇಳುವುದೇ ಮುಖ್ಯ ಕರ್ತವ್ಯವಾಗಿದ್ದ ಕಾಲೇಜಿನಲ್ಲಿ ಈ ಕೆಲಸ ನಡೆಯಿತೆಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಯಾರೂ ಹೇಳದಿರುವುದು ನನಗೆ ವ್ಯಥೆಯನ್ನುಂಟುಮಾಡುವುದು. 1950ರ ದಶಕದಲ್ಲಿ ಬ್ರಿಟನ್ನಿನ ಡಿ.ಎಚ್. ಎವೆರೆಟ್ ಮತ್ತು ಅವರ ಸಂಗಡಿಗರು ಇಂತಹ ಕುಣಿಕೆಗಳಿಗೆ ಗಣಿತದ ಚೌಕಟ್ಟೊಂದನ್ನು ಕಟ್ಟಿದರು. ಸರಂಧ್ರ ವಸ್ತುಗಳ ಹಿಸ್ಟೆರಿಸಿಸ್ ಕುರಿತು ಬರೆಯುವವರು ಇಂದಿಗೂ 1941ರ ಆ ಲೇಖನಗಳನ್ನು ಉಲ್ಲೇಖಿಸುತ್ತಿರುವರು.

ಇಲ್ಲಿಂದ ಮುಂದೆ ಕಥೆಯು ರಸಾಯನಶಾಸ್ತ್ರಜ್ಞನ ಕೈಯಿಂದ ಕೆಮಿಕಲ್ ಎಂಜಿನಿಯರನ ಕೈಗೆ ಬರುವುದು. ರಸಾಯನಶಾಸ್ತ್ರಜ್ಞನು ಒಂದು ಗ್ರಾಮ್ ವಸ್ತುವನ್ನು ಅದು ಸಮತೋಲಕ್ಕೆ ಬರುವವರೆಗೆ ಕಾದು ಅಳೆಯಬಲ್ಲನು; ಎಂಜಿನಿಯರನ ಮುಂದೆ ಟನ್ನುಗಟ್ಟಲೆ ಗುಂಡುಗಳಿರುವ ಕಂಬವಿರುವುದು, ಅದರೊಳಗೆ ಅನಿಲವೋ ದ್ರವವೋ ಓಡುತ್ತಿರುವುದು, ಕಾಯುವುದಕ್ಕೆ ಅವಕಾಶವಿರದು. ಗುಂಡಿನ ನಡುಭಾಗದವರೆಗೆ ಅಣುಗಳು ತಲಪುವವೋ, ಅಂಚಿನಲ್ಲಿಯೇ ವ್ಯಯವಾಗಿ ಒಳಗಿನ ಮೇಲ್ಮೈಯೆಲ್ಲ ವ್ಯರ್ಥವಾಗುವುದೋ ಎಂಬ ಪ್ರಶ್ನೆಗೆ 1939ರಲ್ಲಿ ಅಮೆರಿಕದ ಥೀಲೆ ಎಂಬವರು ಉತ್ತರ ಕೊಟ್ಟರು. ರಂಧ್ರದೊಳಗಣ ವಿಸರಣೆಯ ವೇಗಕ್ಕೂ ಅಲ್ಲಿ ನಡೆಯುವ ಕ್ರಿಯೆಯ ವೇಗಕ್ಕೂ ಇರುವ ಅನುಪಾತವನ್ನು ಅವರ ಹೆಸರಿನಿಂದಲೇ ಇಂದಿಗೂ ಕರೆಯುವರು. ಈ ವಿದ್ಯೆಯನ್ನು ನಮ್ಮ ದೇಶದಲ್ಲಿ ಬೇರೂರಿಸಿದವರಲ್ಲಿ ಅಗ್ರಗಣ್ಯರಾದ ಎಲ್.ಕೆ. ದೊರೈಸ್ವಾಮಿಯವರು ಬೆಂಗಳೂರಿನಲ್ಲಿ 1927ರಲ್ಲಿ ಜನಿಸಿದವರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ 1952ರಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿ, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವನ್ನು ಸೇರಿ, 1978ರಿಂದ 1989ರವರೆಗೆ ಅದರ ನಿರ್ದೇಶಕರಾಗಿದ್ದು, ಬಳಿಕ ಅಮೆರಿಕದ ಅಯೋವಾ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿ, 2012ರಲ್ಲಿ ತೀರಿಕೊಂಡರು. ಅವರೂ ಮುಂಬಯಿಯ ಎಂ.ಎಂ. ಶರ್ಮರೂ ಕೂಡಿ 1984ರಲ್ಲಿ ಪ್ರಕಟಿಸಿದ, ಎರಡು ಸಂಪುಟಗಳ ‘ಹೆಟೆರೊಜೀನಿಯಸ್ ರಿಯಾಕ್ಷನ್ಸ್’ ಎಂಬ ಗ್ರಂಥವು ಘನ, ದ್ರವ, ಅನಿಲಗಳು ಪರಸ್ಪರ ಕೂಡುವೆಡೆಗಳ ಶಾಸ್ತ್ರಕ್ಕೆ ಪ್ರಮಾಣಗ್ರಂಥವಾಯಿತು.

ದೊರೈಸ್ವಾಮಿಯವರು ನಿರ್ದೇಶಕರಾಗಿದ್ದ ಕಾಲದಲ್ಲಿಯೇ, ಪಾಲ್ ರತ್ನಸ್ವಾಮಿಯವರ ನೇತೃತ್ವದ ತಂಡವು ಎನ್ಸಿಲೈಟ್ ಎಂಬ, ಸೂಕ್ಷ್ಮರಂಧ್ರಗಳ ಸ್ಫಟಿಕವಾದ ಜಿಯೊಲೈಟ್ ಜಾತಿಯ ಕ್ರಿಯಾವರ್ಧಕವನ್ನು ರೂಪಿಸಿ, ವಡೋದರದ ಐ.ಪಿ.ಸಿ.ಎಲ್. ಕಾರ್ಖಾನೆಯಲ್ಲಿ ಅದನ್ನು ಕೆಲಸಕ್ಕೆ ಹಚ್ಚಿತು. ಸುಮಾರು ಅರ್ಧ ನ್ಯಾನೊಮೀಟರಿಗೆ ಸ್ವಲ್ಪ ಮಿಗಿಲಾದ ಅಗಲದ ಓಣಿಗಳುಳ್ಳ ಈ ಜಾತಿಯ ಜಿಯೊಲೈಟು, ಪಾಲಿಯೆಸ್ಟರ್ ನೂಲಿಗೆ ಬೇಕಾದ ಪ್ಯಾರಾ-ಕ್ಸೈಲೀನನ್ನು ಅದರ ಸೋದರ ಅಣುಗಳಿಂದ ಪರಿವರ್ತಿಸಿ ಒದಗಿಸುವುದು. ಕಾಲಕ್ರಮದಲ್ಲಿ ಓಣಿಗಳ ಬಾಯಿಗೆ ಇಂಗಾಲ ಕಟ್ಟಿಕೊಂಡು ಅದರ ಶಕ್ತಿ ಕುಂದುವುದು. ಅದನ್ನು ಹದವಾಗಿ ಗಾಳಿ ಬಿಟ್ಟು ಸುಟ್ಟು ತೆಗೆದು ಮತ್ತೆ ಬಳಸುವರು. ಇಲ್ಲಿ ತೆರವು ಮಾಡುವ ಕ್ರಮವನ್ನು ಕಾರ್ಖಾನೆಯ ರಚನೆಯಲ್ಲಿಯೇ ಮೊದಲಿನಿಂದ ಸೇರಿಸಿರುವರು. ಹಳ್ಳಿಯ ನೀರಿನ ಫಿಲ್ಟರಿಗೆ ದೊರಕದ ಆದರವು ಕಾರ್ಖಾನೆಯ ಕ್ರಿಯಾವರ್ಧಕಕ್ಕೆ ದೊರಕಿರುವುದು.

2021ರ ಬೇಸಿಗೆಯಲ್ಲಿ, ಕೋವಿಡಿನ ಎರಡನೆಯ ಅಲೆಯ ಕಾಲಕ್ಕೆ, ಆಮ್ಲಜನಕಕ್ಕಾಗಿ ಹಾಹಾಕಾರವೆದ್ದಾಗ ಮನೆಮನೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಜನರು ಕಂಡ ಕಾನ್ಸೆಂಟ್ರೇಟರುಗಳೊಳಗೆ ಇದ್ದುದು ಜಿಯೊಲೈಟಿನ ಗುಂಡುಗಳೇ. ಗಾಳಿಯನ್ನು ಒತ್ತಡದಿಂದ ನುಗ್ಗಿಸಿದಾಗ ನೈಟ್ರೊಜನ್ನು ಜಿಯೊಲೈಟಿನೊಳಗಣ ಧನವಿದ್ಯುತ್ ಅಯಾನುಗಳ ಸೆಳೆತಕ್ಕೆ ಸಿಕ್ಕು ರಂಧ್ರಗಳಲ್ಲಿ ನಿಲ್ಲುವುದು, ಆಮ್ಲಜನಕವು ಮುಂದೆ ಸಾಗುವುದು. ಒತ್ತಡವನ್ನು ಇಳಿಸಿದೊಡನೆ ನೈಟ್ರೊಜನ್ನು ತಾನಾಗಿ ಹೊರಬೀಳುವುದು. ಎರಡು ಕಂಬಗಳು ಸರದಿಯಂತೆ ಒಂದು ತುಂಬುತ್ತ ಒಂದು ತೆರವಾಗುತ್ತ, ಕೆಲವು ಕ್ಷಣಗಳಿಗೊಮ್ಮೆ ಪಾತ್ರವನ್ನು ಅದಲುಬದಲು ಮಾಡಿಕೊಳ್ಳುವುವು. ಆ ಯಂತ್ರದಿಂದ ಲಯಬದ್ಧವಾಗಿ ಕೇಳಿಸುತ್ತಿದ್ದ ಉಸಿರು ಆ ಬದಲಾವಣೆಯ ಸದ್ದು. ತೆರವಾಗುವ ದಾರಿ ಅಷ್ಟು ಸುಗಮವಾಗಿರದಿದ್ದರೆ, ಕೆಲವೇ ಉಸಿರುಗಳ ಬಳಿಕ ಆ ಯಂತ್ರವು ನಿಷ್ಪ್ರಯೋಜಕವಾದ ಪೆಟ್ಟಿಗೆಯಾಗುತ್ತಿದ್ದಿತು.

ಸುಬ್ಬರಾಯರ ಲೇಖನಗಳು ಹೊರಬಂದ ಹತ್ತು ವರ್ಷಗಳ ಮೇಲೆ, ಅದೇ ಸೆಂಟ್ರಲ್ ಕಾಲೇಜಿನಿಂದ ಹದಿನೇಳರ ಹರೆಯದ ಬಾಲಕನೊಬ್ಬನು ಪದವೀಧರನಾಗಿ ಹೊರಟನು. 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿದ ಆ ಬಾಲಕನೇ ಮುಂದೆ ಸಿ.ಎನ್.ಆರ್. ರಾವ್ ಎಂದು ಲೋಕವಿಖ್ಯಾತರಾದುದು. ಕಾಶಿಯಲ್ಲಿ ಸ್ನಾತಕೋತ್ತರ ಪದವಿ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ 1958ರಲ್ಲಿ ಡಾಕ್ಟರೇಟ್, 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕತ್ವ, 1963ರಿಂದ ಕಾನ್ಪುರದ ಐ.ಐ.ಟಿ., 1976ರಲ್ಲಿ ಮತ್ತೆ ಬೆಂಗಳೂರು, 1984ರಿಂದ ಹತ್ತು ವರ್ಷ ಸಂಸ್ಥೆಯ ನಿರ್ದೇಶಕತ್ವ, 1989ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ಅಧ್ಯಯನ ಕೇಂದ್ರದ ಸ್ಥಾಪನೆ, 2014ರಲ್ಲಿ ಭಾರತರತ್ನ: ಇವೆಲ್ಲ ಸರ್ವವಿದಿತ. ಅಷ್ಟು ವಿದಿತವಲ್ಲದ ಸಂಗತಿಯೆಂದರೆ, ಅರುವತ್ತು ವಯಸ್ಸು ದಾಟಿದ ಬಳಿಕ ಅವರು ಎಸ್. ನಟರಾಜನ್ ಮೊದಲಾದ ಸಹೋದ್ಯೋಗಿಗಳೊಡನೆ ತೆರೆದ ಚೌಕಟ್ಟಿನ ಘನವಸ್ತುಗಳನ್ನು ಕುರಿತು ನಡೆಸಿದ ದೀರ್ಘ ಶೋಧ. ಲೋಹದ ಫಾಸ್ಫೇಟು, ಆಕ್ಸಲೇಟು, ಕಾರ್ಬಾಕ್ಸಿಲೇಟುಗಳು ನೀರಿನಲ್ಲಿ ಮುಚ್ಚಿದ ಪಾತ್ರೆಯೊಳಗೆ ಬೆಂದು ಸ್ಫಟಿಕವಾಗುವಾಗ ಸಾಲುಗಳಿಂದ ಏಣಿಗಳೂ, ಏಣಿಗಳಿಂದ ಪದರಗಳೂ, ಪದರಗಳಿಂದ ರಂಧ್ರಮಯವಾದ ಭವನಗಳೂ ಹೇಗೆ ಮೈದಳೆಯುವುವೆಂಬುದನ್ನು ಅವರು ಹಂತಹಂತವಾಗಿ ತೋರಿಸಿದರು.

ಈ ದಿಕ್ಕಿನಲ್ಲಿ ಹೊರನಾಡುಗಳಲ್ಲಿ ನಡೆದ ಪ್ರಯತ್ನಕ್ಕೆ 2025ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಿಕವು ಸಂದಿತು. ಲೋಹದ ಅಯಾನುಗಳನ್ನು ಮೂಲೆಗಳಾಗಿಯೂ ಸಾವಯವ ಅಣುಗಳನ್ನು ತೊಲೆಗಳಾಗಿಯೂ ಜೋಡಿಸಿ ಚೌಕಟ್ಟು ಕಟ್ಟಬಹುದೆಂದು 1989ರಲ್ಲಿ ತೋರಿಸಿದ ಆಸ್ಟ್ರೇಲಿಯದ ರಿಚರ್ಡ್ ರಾಬ್ಸನ್, ಅಂತಹ ಚೌಕಟ್ಟಿನೊಳಕ್ಕೆ ಅನಿಲಗಳು ಹೋಗಿಬರುವುದನ್ನು 1997ರಲ್ಲಿ ಸ್ಥಾಪಿಸಿದ ಜಪಾನಿನ ಸುಸುಮು ಕಿಟಗಾವ, 1999ರಲ್ಲಿ ಎಂ.ಒ.ಎಫ್.-5 ಎಂಬ ದೃಢವಾದ ಚೌಕಟ್ಟನ್ನು ರಚಿಸಿದ ಒಮರ್ ಯಾಘಿ, ಈ ಮೂವರು ಅದನ್ನು ಹಂಚಿಕೊಂಡರು. ಎಂ.ಒ.ಎಫ್.-5ರ ಒಂದು ಗ್ರಾಮಿನಲ್ಲಿ ಸುಮಾರು 3000 ಚದರ ಮೀಟರು, ಎಂದರೆ ಹತ್ತಿರ ಹತ್ತಿರ ಮೂವತ್ತು ಗುಂಟೆ, ಮೇಲ್ಮೈ ಇರುವುದು. ಯಾಘಿಯವರು ಜೋರ್ಡನ್ನಿನ ಅಮ್ಮಾನ್ ನಗರದಲ್ಲಿ, ಪ್ಯಾಲೆಸ್ಟೀನಿನ ನಿರಾಶ್ರಿತ ಕುಟುಂಬವೊಂದರಲ್ಲಿ, ಅಪರೂಪಕ್ಕೊಮ್ಮೆ ಬರುವ ನೀರನ್ನು ಹಿಡಿದಿಡುವ ಮನೆಯಲ್ಲಿ ಬೆಳೆದವರು. ಮರುಭೂಮಿಯ ಗಾಳಿಯಿಂದ ಇರುಳಿನಲ್ಲಿ ನೀರನ್ನು ಹೀರಿ, ಹಗಲಿನ ಬಿಸಿಲಿಗೆ ಅದನ್ನು ಬಿಟ್ಟುಕೊಡುವ ಚೌಕಟ್ಟುಗಳನ್ನು ಅವರು ರೂಪಿಸಿದುದರಲ್ಲಿ ನನಗೆ ಕಾಣುವ ಹೆಚ್ಚಳವು ಗುಂಟೆಗಳ ಲೆಕ್ಕದಲ್ಲಿಲ್ಲ. ಬರಿಯ ಬಿಸಿಲು ತಾಕಿದರೆ ಸಾಕು, ಹಿಡಿದ ನೀರನ್ನು ಬಿಡುವಷ್ಟು ಹದವಾದ ಹಿಡಿತವನ್ನು ಅವರು ಆ ರಂಧ್ರಗಳಿಗೆ ಕೊಟ್ಟರೆಂಬುದರಲ್ಲಿರುವುದು.

ಇಂತಹ ಮಾರ್ಗದಲ್ಲಿ ಇಂದು ಹೆಜ್ಜೆಯಿಡುವ ಯುವಕ ಯುವತಿಯರ ಜೀವನವು ಹೇಗಿರುವುದು? ನಾಲ್ಕು ವರ್ಷಗಳ ಬಿ.ಇ., ಗೇಟ್ ಪರೀಕ್ಷೆ, ಎಂ.ಟೆಕ್., ಐದಾರು ವರ್ಷಗಳ ಪಿಎಚ್.ಡಿ., ಹೊರದೇಶದಲ್ಲಿಯೋ ಇಲ್ಲಿಯೋ ಎರಡು ಮೂರು ವರ್ಷಗಳ ಪೋಸ್ಟ್‌ಡಾಕ್, ಅದಾದ ಮೇಲೆ ದೊರೆತರೆ ಒಂದು ಸಹಾಯಕ ಪ್ರಾಧ್ಯಾಪಕ ಹುದ್ದೆ. ಅಷ್ಟರಲ್ಲಿ ವಯಸ್ಸು ಮೂವತ್ತನ್ನು ದಾಟಿರುವುದು, ಊರಿನಲ್ಲಿರುವ ತಂದೆತಾಯಂದಿರು ಮಗ ಇನ್ನೂ ಓದುತ್ತಿರುವನೇ ಎಂದು ಕೇಳುವವರಿಗೆ ಉತ್ತರ ಹೇಳಿ ದಣಿದಿರುವರು. ಹುದ್ದೆಯ ಮೊದಲ ವರ್ಷಗಳು ಕೊಠಡಿ, ವಿದ್ಯುತ್ತು, ನಿರ್ವಾತ ಪಂಪು, ದ್ರವ ನೈಟ್ರೊಜನ್ನು ಇವುಗಳ ಹೊಂದಾಣಿಕೆಯಲ್ಲಿಯೂ, ಮಾಸ್ ಟ್ರಾನ್ಸ್‌ಫರ್ ಪಾಠದ ಸಿದ್ಧತೆಯಲ್ಲಿಯೂ, ಅನುದಾನದ ಅರ್ಜಿಗಳಲ್ಲಿಯೂ ಕಳೆದುಹೋಗುವುವು. ಕ್ವಾರ್ಟ್ಜ್ ಸುರುಳಿಯ ಕಾಲ ಹೋಯಿತು. ಈಗಿನ ಯಂತ್ರವು ಇರುಳೆಲ್ಲ ತಾನೇ ದುಡಿದು ಬೆಳಗಾಗುವಷ್ಟರಲ್ಲಿ ತುಂಬುವ ರೇಖೆಯನ್ನೂ ತೆರವಾಗುವ ರೇಖೆಯನ್ನೂ ಬರೆದಿಡುವುದು. ಅದಕ್ಕೂ ಮುನ್ನ ವಸ್ತುವಿನ ರಂಧ್ರಗಳಲ್ಲಿ ಸೇರಿಕೊಂಡಿರುವ ಗಾಳಿ, ತೇವಗಳನ್ನು ಬಿಸಿಯಿಂದಲೂ ನಿರ್ವಾತದಿಂದಲೂ ಗಂಟೆಗಟ್ಟಲೆ ತೆಗೆಯುವುದೇ ಹೊಸ ವಿದ್ಯಾರ್ಥಿಗೆ ಕಲಿಸುವ ಮೊದಲ ಪಾಠ.

ಪ್ರಬಂಧಗಳನ್ನು ಎಣಿಸುವ ಈ ಕಾಲದಲ್ಲಿ, ಒಂದು ಹೊಸ ವಸ್ತು ಗ್ರಾಮಿಗೆ ಎಷ್ಟು ಮಿಲಿಗ್ರಾಂ ಹಿಡಿಯಿತೆಂಬ ಅಂಕೆಗೆ ದೊರೆಯುವ ಮನ್ನಣೆಯು, ಅದನ್ನು ನೂರು ಸಲ ತೊಳೆದ ಬಳಿಕ ಏನು ಉಳಿಯಿತೆಂಬ ಅಂಕೆಗೆ ದೊರೆಯುತ್ತಿಲ್ಲವೆಂಬುದೇ ನನ್ನ ಆಕ್ಷೇಪ. ಭಟ್ಟಿಯಿಳಿಸಿದ ನೀರಿಗೆ ಫ್ಲೋರೈಡನ್ನು ಬೆರೆಸಿ ಪರೀಕ್ಷಿಸಿದಾಗ ಅದ್ಭುತವೆನಿಸಿದ ವಸ್ತುವು, ಬೈಕಾರ್ಬೊನೇಟು ತುಂಬಿದ ಬಯಲುಸೀಮೆಯ ಬೋರಿನ ನೀರಿನಲ್ಲಿ ಸೋಲುವುದು; ಸಕ್ರಿಯ ಅಲ್ಯೂಮಿನಾ ಉತ್ತಮವಾಗಿ ಕೆಲಸ ಮಾಡುವುದು ನೀರಿನ ಪಿಎಚ್ 5.5ರ ಸಮೀಪದಲ್ಲಿದ್ದಾಗ, ನಮ್ಮ ಕೊಳವೆ ಬಾವಿಗಳ ನೀರಾದರೋ ಸಾಮಾನ್ಯವಾಗಿ ಏಳೂವರೆಯನ್ನು ದಾಟಿರುವುದು. ಪುಡಿಯಾಗಿ ಹುಟ್ಟುವ ಹೊಸ ವಸ್ತುಗಳನ್ನು ರಂಧ್ರ ಮುಚ್ಚದಂತೆ ಗುಂಡು ಕಟ್ಟುವುದು, ಗುಂಡು ಸವೆದು ನೀರಿಗೆ ಸೇರದಂತೆ ನೋಡಿಕೊಳ್ಳುವುದು, ಎಡೆಗಳೆಲ್ಲ ತುಂಬಿದುವೆಂಬುದನ್ನು ಬಳಸುವವರಿಗೆ ತಿಳಿಸುವ ಅಗ್ಗದ ಸೂಚಕವನ್ನು ಕಂಡುಹಿಡಿಯುವುದು, ತೊಳೆದ ಕ್ಷಾರದೊಳಗಣ ಫ್ಲೋರೈಡನ್ನು ಸುಣ್ಣದಿಂದ ಗಟ್ಟಿಯಾಗಿಸಿ ಬೇರ್ಪಡಿಸುವುದು, ಇವೆಲ್ಲ ಕೆಮಿಕಲ್ ಎಂಜಿನಿಯರಿಂಗಿನ ಶುದ್ಧ ಪ್ರಶ್ನೆಗಳು. ಭಾರತೀಯ ವಿಜ್ಞಾನ ಸಂಸ್ಥೆಯ ಸಿವಿಲ್ ಎಂಜಿನಿಯರಿಂಗ್ ವಿಭಾಗದವರು ಮೆಗ್ನೀಸಿಯಂ ಆಕ್ಸೈಡಿನಿಂದ ಫ್ಲೋರೈಡನ್ನು ತೆಗೆಯುವ ವಿಧಾನವನ್ನು ರೂಪಿಸಿದಾಗ, ಕಳೆದುಳಿದ ಕೆಸರನ್ನು ಏನು ಮಾಡಬೇಕೆಂಬುದನ್ನೂ ವಿಧಾನದ ಅಂಗವಾಗಿಯೇ ಯೋಚಿಸಿದರು. ಆ ಬಗೆಯ ಯೋಚನೆಯನ್ನು ನಾನು ಬಹುವಾಗಿ ಗೌರವಿಸುವೆನು.

ಇಂತಹ ಶೋಧನೆಗೆ ಬೇಕಾದ ನೀರು ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳ ಕೊಳವೆ ಬಾವಿಗಳಲ್ಲಿದೆ. ಬೆಳಗಾವಿಯಲ್ಲಿ ಅಲ್ಯೂಮಿನಾ ತಯಾರಿಸುವ ದೊಡ್ಡ ಕಾರ್ಖಾನೆ ದಶಕಗಳಿಂದಲೂ ಇದೆ. ಗದಗಿನಲ್ಲಿಯೇ ಎಂಜಿನಿಯರಿಂಗ್ ಕಾಲೇಜಿದೆ. ಸುರತ್ಕಲ್ಲಿನಲ್ಲಿಯೂ ಬೆಂಗಳೂರಿನಲ್ಲಿಯೂ ಕೆಮಿಕಲ್ ಎಂಜಿನಿಯರಿಂಗ್ ವಿಭಾಗಗಳಿವೆ. ಪಿಎಚ್.ಡಿ.ಗೆ ವಿಷಯವನ್ನು ಆರಿಸಿಕೊಳ್ಳುವ ದಿನ, ಈ ಸೀಮೆಯ ಒಬ್ಬ ವಿದ್ಯಾರ್ಥಿನಿ ತನ್ನ ಊರಿನ ಬೋರಿನ ನೀರನ್ನು ಇಪ್ಪತ್ತು ಲೀಟರಿನ ಕ್ಯಾನಿನಲ್ಲಿ ತಂದಿಟ್ಟು, ಇದರಲ್ಲಿ ಈ ಅಲ್ಯೂಮಿನಾ ಎಷ್ಟು ದಿನ ಬಾಳುವುದು, ಕಾಸ್ಟಿಕ್ ಸೋಡ ಇಲ್ಲದೆ, ಕೇವಲ ಸುಣ್ಣದಿಂದಲೋ ಬೂದಿಯ ತಿಳಿಯಿಂದಲೋ ಬಿಸಿಲಿನಿಂದಲೋ ಇದನ್ನು ಮತ್ತೆ ಸಿದ್ಧಗೊಳಿಸಲಾಗುವುದೇ ಎಂದು ಮಾರ್ಗದರ್ಶಕರನ್ನು ಕೇಳಿದರೆ, ಆ ಪ್ರಶ್ನೆಗೆ ಐದು ವರ್ಷ ಸಾಲದು. ಉತ್ತರ ದೊರೆಯುವವರೆಗೆ ಅವಳಿಗೆ ಹುದ್ದೆಯನ್ನೂ, ಪ್ರಯೋಗಶಾಲೆಯನ್ನೂ, ವರ್ಷ ವರ್ಷವೂ ಅದೇ ಕಂಬವನ್ನು ತುಂಬಿ ತೊಳೆದು ಅಳೆಯುವ ಅವಕಾಶವನ್ನೂ ಕೊಡತಕ್ಕದ್ದು ನಮ್ಮ ವಿಶ್ವವಿದ್ಯಾನಿಲಯಗಳ ಕೆಲಸ.